ಗುಂಟೆ ಗೊತ್ತಿಲ್ಲದ ತಂತ್ರಾಂಶ

ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ; ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಇಂಥ 63,000 ಸಂಘಗಳಿಗೆ ಒಂದೇ ತಂತ್ರಾಂಶ ಕೊಡುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿತು. ಅಂದಿನಿಂದ ಕೆಲವು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿವೆ.

ತಪ್ಪು ಕಲ್ಪನೆ: ತಂತ್ರಾಂಶವನ್ನು ಸಿದ್ಧ ಬಿಡಿಭಾಗಗಳಿಂದ ಕಟ್ಟಿದರೆ ಎಲ್ಲ ಊರಿಗೂ ಒಂದೇ ಅಚ್ಚು.

ವಾಸ್ತವ: ನಮ್ಮ ಸೀಮೆಯ ಬಾಳೆಹೊಸೂರಿನ ರೈತರಿಗೆ ಇದು ಏಕೆ ತಪ್ಪೆಂದು ಬಿಡಿಸಿ ಹೇಳಬೇಕಿಲ್ಲ. ಎತ್ತು ಅವೇ, ನೊಗ ಅದೇ. ಹಿಂದೆ ಕಟ್ಟುವುದು ಇವತ್ತು ರಂಟೆ, ನಾಳೆ ಕೂರಿಗೆ, ಬೆಳೆ ಎದ್ದ ಮೇಲೆ ಎಡೆಕುಂಟೆ. ತಂತ್ರಾಂಶದಲ್ಲೂ ಬಡ್ಡಿ ಲೆಕ್ಕ ಹಾಕುವ ಭಾಗ ಒಂದೇ ಇರಲಿ, ದರ ಮತ್ತು ಮಿತಿ ಮಾತ್ರ ಅದರ ಹೊರಗಿರಬೇಕು. 2023ರಲ್ಲಿ ನಮ್ಮ ರಾಜ್ಯ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಮಿತಿಯನ್ನು ಒಂದೇ ಕಡೆ ಬರೆದಿಟ್ಟಿದ್ದರೆ ತಿದ್ದಲು ಒಂದು ನಿಮಿಷ ಸಾಕು. ಹತ್ತು ಕಡೆ ಹೂತಿಟ್ಟಿದ್ದರೆ ಒಂಬತ್ತು ಕಡೆ ತಿದ್ದಿ ಒಂದು ಮರೆಯುತ್ತೇವೆ. ಆ ಒಂದರಿಂದ ಯಾರೋ ರೈತರ ಖಾತೆಗೆ ಬೀಳಬಾರದ ಬಡ್ಡಿ ಬೀಳುತ್ತದೆ.

ತಪ್ಪು ಕಲ್ಪನೆ: ಒಂದು ಕಡೆ ಚೆನ್ನಾಗಿ ನಡೆದ ಭಾಗವನ್ನು ಮತ್ತೆ ಪರೀಕ್ಷಿಸಬೇಕಿಲ್ಲ.

ವಾಸ್ತವ: ನನ್ನನ್ನು ಹೆಚ್ಚು ಕಾಡುವುದು ಇದೇ. ಹೊಲದ ಉತಾರದಲ್ಲಿ (ಪಹಣಿಯಲ್ಲಿ) 2-20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ. ಅದಕ್ಕೆ 1-30 ಕೂಡಿಸಿದರೆ 4 ಎಕರೆ 10 ಗುಂಟೆ, ಯಾಕೆಂದರೆ 40 ಗುಂಟೆಗೆ ಒಂದು ಎಕರೆ. ದಶಮಾಂಶ ಮಾತ್ರ ಬಲ್ಲ ಭಾಗ 2.20ಕ್ಕೆ 1.30 ಕೂಡಿಸಿ 3.50 ಎನ್ನುತ್ತದೆ. ಅದನ್ನು ಮೂರೂವರೆ ಎಕರೆ ಎಂದು ಓದಿಕೊಂಡರೆ 30 ಗುಂಟೆ ಹೊಲ ಮಾಯ! ಆ ಭಾಗ ಕೆಟ್ಟಿಲ್ಲ, ಬೇರೆ ಲೋಕದ ಅಳತೆಗೆ ಹುಟ್ಟಿದ್ದು ಅಷ್ಟೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಹಾರಿ ಒಂದು ನಿಮಿಷದೊಳಗೆ ಸಿಡಿದದ್ದಕ್ಕೂ ಕಾರಣ ಏರಿಯಾನ್ 4ರಿಂದ ಹಾಗೆಯೇ ಎತ್ತಿಕೊಂಡ ತಂತ್ರಾಂಶ. ಹೊಸ ರಾಕೆಟ್ಟಿನ ವೇಗದ ಅಂಕಿ ಹಳೆಯ ಲೆಕ್ಕದ ಅಳತೆಯಲ್ಲಿ ಹಿಡಿಸಲಿಲ್ಲ.

ತಪ್ಪು ಕಲ್ಪನೆ: ಭಾಗ ಚಿಕ್ಕದಾದಷ್ಟೂ ಒಳ್ಳೆಯದು.

ವಾಸ್ತವ: 2016ರಲ್ಲಿ ಹನ್ನೊಂದೇ ಸಾಲಿನ ‘ಲೆಫ್ಟ್-ಪ್ಯಾಡ್’ ಎಂಬ ತಂತ್ರಾಂಶದ ತುಣುಕನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ಸಾವಿರಾರು ಯೋಜನೆಗಳ ಕೆಲಸ ನಿಂತಿತು. ಸಂಘದ ಮಟ್ಟಿಗೆ ಸಾಲ, ಠೇವಣಿ, ಗೊಬ್ಬರದ ದಾಸ್ತಾನು ಎಂದು ಕಾರ್ಯದರ್ಶಿ ಹೆಸರು ಹಿಡಿದು ಕರೆಯಬಲ್ಲಷ್ಟು ದೊಡ್ಡ ಭಾಗಗಳಾದರೆ ಸಾಕು. ಎಕರೆ-ಗುಂಟೆ ಕೂಡಿಸುವ ಭಾಗವನ್ನು ಮಾತ್ರ ಒಮ್ಮೆ ಸರಿಯಾಗಿ ಬರೆದು, ರಾಜ್ಯದ ಎಲ್ಲ ಸಂಘಗಳಿಗೂ ಅದನ್ನೇ ಕೊಡಲಿ.