ಮಾಸು ಬಿಟ್ಟುಕೊಟ್ಟ ಗುಟ್ಟು

ಬಸುರಿನಲ್ಲಿ ಪಾದಗಳು ಕೊಂಚ ಊದಿಕೊಳ್ಳುವುದು, ಆಗೊಮ್ಮೆ ಈಗೊಮ್ಮೆ ತಲೆ ನೋಯುವುದು ತೀರ ಸಾಮಾನ್ಯವಾದ ಸಂಗತಿಗಳು. ಹೆಚ್ಚಿನವರಲ್ಲಿ ಅವು ತಾವಾಗಿಯೇ ಬಂದು ತಾವಾಗಿಯೇ ಹೋಗುತ್ತವೆ. ಆದರೆ ಕೆಲವರಲ್ಲಿ ಇದೇ ಲಕ್ಷಣಗಳ ಮರೆಯಲ್ಲಿ ಒಂದು ಭಯಂಕರ ವ್ಯಾಧಿ ಅಡಗಿರುತ್ತದೆ. ಇಪ್ಪತ್ತು ವಾರಗಳು ಕಳೆದ ಮೇಲೆ ರಕ್ತದ ಒತ್ತಡವು 140/90ನ್ನು ಮುಟ್ಟುತ್ತದೆ, ಕೆಲವೊಮ್ಮೆ ದಾಟಿಯೂ ಹೋಗುತ್ತದೆ. ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಳ್ಳುತ್ತದೆ. ರೋಗವು ಬಲಿತರೆ ದೃಷ್ಟಿ ಮಂಜಾಗುತ್ತದೆ. ಯಕೃತ್ತು, ಮೂತ್ರಪಿಂಡಗಳು ಸೋಲುತ್ತವೆ. ಸೆಳವು ಬಂದು ತಾಯಿ ಪ್ರಜ್ಞೆ ತಪ್ಪುವುದೂ ಉಂಟು. ಆ ಸೆಳವಿಗೆ ವೈದ್ಯರು ಎಕ್ಲಾಂಪ್ಸಿಯ ಎಂದೂ, ಅದಕ್ಕೆ ಮುಂಚಿನ ಸ್ಥಿತಿಗೆ ಪ್ರೀಎಕ್ಲಾಂಪ್ಸಿಯ ಎಂದೂ ಹೆಸರಿಟ್ಟಿದ್ದಾರೆ. ಥಟ್ಟನೆ ಹೊಳೆಯುವುದು ಎಂಬರ್ಥದ ಗ್ರೀಕ್ ಪದದಿಂದ ಬಂದ ಹೆಸರು ಅದು. ಮುಗಿಲಿಲ್ಲದ ಬಾನಿನಲ್ಲಿ ಮಿಂಚು ಹೊಡೆದಂತೆ ಎರಗುವ ಬೇನೆಗೆ ಅದು ಒಪ್ಪುವ ಹೆಸರೇ ಸರಿ. ಲೋಕದಲ್ಲಿ 100 ಮಂದಿ ಗರ್ಭಿಣಿಯರಲ್ಲಿ 2ರಿಂದ 8 ಮಂದಿ ಪ್ರೀಎಕ್ಲಾಂಪ್ಸಿಯಕ್ಕೆ ಗುರಿಯಾಗುತ್ತಾರೆ.

ಸಿಕ್ಕದ ನಂಜು

1843ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಲೀವರ್ ಎಂಬ ವೈದ್ಯನು ಸೆಳವು ಬಂದ ಬಸುರಿಯರ ಮೂತ್ರದಲ್ಲಿ ಪ್ರೋಟೀನು ಇರುವುದನ್ನು ಕಂಡನು. 1896ರಲ್ಲಿ ಇಟಲಿಯ ರೀವ-ರೊಚ್ಚಿ ಎಂಬಾತನು ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡವನ್ನು ಅಳೆಯುವ ಪಾದರಸದ ಉಪಕರಣವನ್ನು ರೂಪಿಸಿದನು. ಮುಂದೆ ಒಂದು ಶತಮಾನಕ್ಕೂ ಮಿಕ್ಕಿ ಈ ಎರಡು ಪರೀಕ್ಷೆಗಳೇ ವೈದ್ಯರಿಗೆ ಊರುಗೋಲಾದವು. ಆದರೆ ಇವೆರಡೂ ಹೊಗೆಯನ್ನು ತೋರಿಸುವ ಪರೀಕ್ಷೆಗಳು. ಬೆಂಕಿ ಹೊತ್ತಿಕೊಂಡು ಅದೆಷ್ಟೋ ವಾರಗಳಾದ ಮೇಲೆ ಹೊಗೆ ಕಾಣುತ್ತದೆ.

ರೋಗಿಯ ರಕ್ತದಲ್ಲಿ ಯಾವುದೋ ವಿಷ ಸೇರುತ್ತಿರಬೇಕೆಂದು ಊಹಿಸಿದ ವೈದ್ಯರು ಇದನ್ನು ಬಸುರಿನ ನಂಜು ಎಂದು ಕರೆದರು. ಆ ನಂಜಿಗಾಗಿ ದಶಕಗಳ ಕಾಲ ಹುಡುಕಿದರೂ ಅದು ಕೈಗೆ ಸಿಕ್ಕಲಿಲ್ಲ. ಒಬ್ಬೊಬ್ಬರು ಒಂದೊಂದು ಕಾರಣವನ್ನು ಮುಂದಿಟ್ಟುದರಿಂದ ‘ಸಿದ್ಧಾಂತಗಳ ವ್ಯಾಧಿ’ ಎಂಬ ಅಡ್ಡಹೆಸರು ಇದಕ್ಕೆ ಅಂಟಿತು. ಕಡೆಗೆ ನಂಜು ಎಂಬ ಹೆಸರನ್ನೇ ವೈದ್ಯಶಾಸ್ತ್ರವು ಕೈಬಿಟ್ಟಿತು.

ಒಂದು ಸಂಗತಿ ಮಾತ್ರ ಸ್ಪಷ್ಟವಾಗಿತ್ತು. ಈ ರೋಗದ ಬೇರು ಇರುವುದು ಮಾಸಿನಲ್ಲಿ. ಕೆಲವೊಮ್ಮೆ ಗರ್ಭದಲ್ಲಿ ಶಿಶುವೇ ಮೂಡದೆ ಮಾಸೊಂದೇ ದ್ರಾಕ್ಷಿಯ ಗೊಂಚಲಿನಂತೆ ಬೆಳೆಯುವುದುಂಟು. ಅಂಥವರಿಗೂ ಈ ರೋಗ ಬರುತ್ತದೆ. ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆ ರೋಗವು ಹಿಂಜರಿಯುತ್ತದೆ.

ಎರಡು ಪ್ರೋಟೀನುಗಳ ಹೋರಾಟ

ಮಾಸು ಗರ್ಭಕೋಶದ ಗೋಡೆಗೆ ಮರದಂತೆ ಬೇರು ಬಿಡುತ್ತದೆ. ಅದರ ಕೋಶಗಳು ಅಲ್ಲಿಯ ಕಿರಿದಾದ ರಕ್ತನಾಳಗಳನ್ನು ಹೊಕ್ಕು ಅವನ್ನು ಅಗಲವಾದ ಕಾಲುವೆಗಳನ್ನಾಗಿ ಮಾರ್ಪಡಿಸುತ್ತವೆ. ಈ ಕೆಲಸ ಅರ್ಧಕ್ಕೆ ನಿಂತರೆ ಮಾಸಿಗೆ ಸಾಕಷ್ಟು ರಕ್ತ ದೊರೆಯುವುದಿಲ್ಲ. ಸಂಕಟಕ್ಕೆ ಸಿಕ್ಕಿದ ಮಾಸು ಎಸ್-ಫ್ಲಿಟ್-1 ಎಂಬ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಅತಿಯಾಗಿ ಸುರಿಯತೊಡಗುತ್ತದೆ.

ರಕ್ತನಾಳಗಳ ಒಳಪದರವನ್ನು ಆರೋಗ್ಯವಾಗಿಡುವ ಪೋಷಕ ಪ್ರೋಟೀನುಗಳೂ ರಕ್ತದಲ್ಲಿವೆ. ಅವುಗಳಲ್ಲಿ ಒಂದಾದ ಪಿಎಲ್‌ಜಿಎಫ್ ಎಂಬುದನ್ನು 1991ರಲ್ಲಿ ಇಟಲಿಯ ನೇಪಲ್ಸಿನ ವಿಜ್ಞಾನಿಗಳು ಮಾಸಿನಲ್ಲಿಯೇ ಪತ್ತೆಹಚ್ಚಿದ್ದರು. ಎಸ್-ಫ್ಲಿಟ್-1 ಇಂಥ ಪೋಷಕಗಳನ್ನು ಬಲೆ ಬೀಸಿದಂತೆ ಹಿಡಿದುಬಿಡುತ್ತದೆ. ಪೋಷಣೆ ತಪ್ಪಿದ ನಾಳಗಳು ಬಿಗಿದುಕೊಂಡು ಒತ್ತಡ ಏರುತ್ತದೆ. ಮೂತ್ರಪಿಂಡದ ಜರಡಿ ಕೆಟ್ಟು ಪ್ರೋಟೀನು ಸೋರುತ್ತದೆ.

2003ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಇದನ್ನು ತೋರಿಸಿಕೊಟ್ಟ ತಂಡದ ಮುಂದಾಳು ಭಾರತೀಯ ಮೂಲದ ಮೂತ್ರಪಿಂಡ ತಜ್ಞ ಅನಂತ್ ಕರುಮಂಚಿ. ಅವರ ತಂಡವು ಬಸುರಿ ಇಲಿಗಳ ದೇಹದಲ್ಲಿ ಎಸ್-ಫ್ಲಿಟ್-1 ಹೆಚ್ಚುವಂತೆ ಮಾಡಿದಾಗ ಅವುಗಳ ರಕ್ತದ ಒತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನು ಬಂದಿತು. ಹಳೆಯ ವೈದ್ಯರು ಊಹಿಸಿದ್ದ ನಂಜು ಕೊನೆಗೂ ಸಿಕ್ಕಿತು ಎನ್ನಬೇಕು. ಸೋಜಿಗವೆಂದರೆ ಅದು ಹೊರಗಿನ ವಿಷವಲ್ಲ. ಎಲ್ಲ ಬಸುರಿಯರ ರಕ್ತದಲ್ಲಿಯೂ ಇರುವ ವಸ್ತುವೇ ಮಿತಿಮೀರಿ ನಂಜಾಗಿತ್ತು.

ಮರುವರ್ಷ, 2004ರಲ್ಲಿ, ರಿಚರ್ಡ್ ಲೆವಿನ್ ಮತ್ತು ಅವರ ಸಂಗಡಿಗರು ಹಿಂದಿನ ಒಂದು ಅಧ್ಯಯನಕ್ಕಾಗಿ ಕೂಡಿಟ್ಟಿದ್ದ ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿದರು. ಮುಂದೆ ರೋಗಕ್ಕೆ ತುತ್ತಾದವರಲ್ಲಿ ಲಕ್ಷಣಗಳು ತೋರುವುದಕ್ಕೆ ಸುಮಾರು 5 ವಾರಗಳ ಮೊದಲೇ ಎಸ್-ಫ್ಲಿಟ್-1 ಏರಿತ್ತು. ಪಿಎಲ್‌ಜಿಎಫ್ ಅದಕ್ಕೂ ಮೊದಲೇ ಇಳಿಯತೊಡಗಿತ್ತು. ತಾಯಿಗೆ ಇನ್ನೂ ತಿಳಿಯದ ಆಪತ್ತನ್ನು ಅವಳ ರಕ್ತವು ಆಗಲೇ ಹೇಳುತ್ತಿತ್ತು.

ಒಂದೊಂದು ದಿನದ ಬೆಲೆ

ಇಪ್ಪತ್ತೆಂಟು ವಾರದ ಬಸುರಿಯೊಬ್ಬಳು ಏರಿದ ಒತ್ತಡದೊಡನೆ ಆಸ್ಪತ್ರೆಗೆ ಬಂದಳೆನ್ನಿ. ಹೆರಿಗೆ ಮಾಡಿಸಿದರೆ ಎಳೆಯ ಶಿಶು ಉಳಿಯುವುದು ಕಷ್ಟ. ಕಾದರೆ ತಾಯಿಯ ಪ್ರಾಣಕ್ಕೆ ಸಂಚಕಾರ. ಈ ಇಕ್ಕಟ್ಟಿನಲ್ಲಿ ವೈದ್ಯರಿಗೆ ಬೇಕಾದುದು ಕಾಯಬಹುದೆ, ಕಾಯಲಾಗದೆ ಎಂಬ ಒಂದು ಉತ್ತರ. ಎರಡು ಪ್ರೋಟೀನುಗಳ ಅನುಪಾತವು 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಒಂದು ವಾರದೊಳಗೆ ರೋಗವು ತಲೆದೋರುವ ಸಂಭವ ತೀರ ಅಲ್ಪವೆಂದು 14 ದೇಶಗಳಲ್ಲಿ ನಡೆದ ಅಧ್ಯಯನವು 2016ರಲ್ಲಿ ತಿಳಿಸಿತು. ಬ್ರಿಟನ್ನಿನ 11 ಹೆರಿಗೆ ವಿಭಾಗಗಳಲ್ಲಿ ಪಿಎಲ್‌ಜಿಎಫ್ ಪರೀಕ್ಷೆಯನ್ನು ಬಳಸಿದಾಗ ರೋಗನಿರ್ಣಯಕ್ಕೆ ಹಿಡಿಯುತ್ತಿದ್ದ ಕಾಲ 4.1 ದಿನಗಳಿಂದ 1.9 ದಿನಗಳಿಗೆ ಇಳಿಯಿತೆಂದು 2019ರಲ್ಲಿ ಪ್ರಕಟವಾಯಿತು. ತಾಯಂದಿರ ಗಂಭೀರ ತೊಡಕುಗಳೂ ಕಡಿಮೆಯಾದವು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಅನುಪಾತದ ಪರೀಕ್ಷೆಗೆ ಸಮ್ಮತಿಯಿತ್ತಿತು.

ಈ ಪರೀಕ್ಷೆಗಳಿಗೂ ಒಂದು ಎಲ್ಲೆಯಿದೆ. ‘ಸದ್ಯಕ್ಕೆ ಭಯವಿಲ್ಲ’ ಎಂದು ಹೇಳುವಷ್ಟು ದೃಢವಾಗಿ ಅವು ‘ರೋಗ ಬಂದೇ ಬರುತ್ತದೆ’ ಎಂದು ಹೇಳಲಾರವು. ಬಂದ ರೋಗವನ್ನು ಬುಡಸಹಿತ ಕೀಳಬಲ್ಲ ಮದ್ದು ಇನ್ನೂ ದೊರೆತಿಲ್ಲ. ತಡೆಯುವ ದಾರಿ ಮಾತ್ರ ಕೊಂಚ ತೆರೆದಿದೆ. ಅಪಾಯ ಹೆಚ್ಚಾಗಿರುವ ಬಸುರಿಯರಿಗೆ ಮೊದಲ ತಿಂಗಳುಗಳಿಂದ ರಾತ್ರಿಯ ಹೊತ್ತು 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ, ಅಕಾಲ ಹೆರಿಗೆಗೆ ಕಾರಣವಾಗುವ ಪ್ರೀಎಕ್ಲಾಂಪ್ಸಿಯವು 100ಕ್ಕೆ 4.3ರಿಂದ 1.6ಕ್ಕೆ ಇಳಿದುದನ್ನು 2017ರ ಪ್ರಯೋಗವೊಂದು ತೋರಿಸಿತು. ಆ ಅಪಾಯವನ್ನು ಗುರುತಿಸಲು ನೆರವಾದ ಅಳತೆಗಳಲ್ಲಿ ಪಿಎಲ್‌ಜಿಎಫ್ ಕೂಡ ಒಂದು. ಆದರೆ ಈ ಗುಳಿಗೆಯನ್ನು ಯಾರಿಗೆ ಕೊಡಬೇಕೆಂಬುದನ್ನು ವೈದ್ಯರೇ ನಿಶ್ಚಯಿಸಬೇಕು. ಸೆಳವನ್ನು ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಲವಣವಿದೆ. ಅದು ಸೆಳವಿನ ಸಂಭವವನ್ನು ಅರ್ಧಕ್ಕಿಳಿಸುವುದೆಂದು 2002ರಲ್ಲಿಯೇ ಸಿದ್ಧಪಟ್ಟಿದೆ.

ಪ್ರೋಟೀನುಗಳನ್ನು ಅಳೆಯುವ ಯಂತ್ರವು ಹಳ್ಳಿಹಳ್ಳಿಗೆ ಬರುವ ಕಾಲ ಇನ್ನೂ ದೂರವಿದೆ. ಅಲ್ಲಿಯವರೆಗೆ ತೋಳಿಗೆ ಸುತ್ತುವ ಪಟ್ಟಿಯೇ ಕಾವಲುಗಾರ. 2014ರಿಂದ 2016ರವರೆಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಗರ್ಭಿಣಿಯರ ಮನೆಗೇ ಹೋಗಿ ಒತ್ತಡವನ್ನು ಅಳೆದು ನೋಡಿದ ಪ್ರಯೋಗವೊಂದು ನಡೆಯಿತು. ತಿಂಗಳು ತಿಂಗಳಿನ ತಪಾಸಣೆಯನ್ನು ತಪ್ಪಿಸದಿರುವುದು, ಬಿಡದ ತಲೆನೋವು, ಮಂಜಾದ ಕಣ್ಣು, ಎದೆಗೂಡಿನ ಕೆಳಗಿನ ನೋವು, ಮುಖದ ಹಠಾತ್ ಬಾವು ಇವುಗಳನ್ನು ‘ಬಸುರಿನಲ್ಲಿ ಇದ್ದದ್ದೇ’ ಎಂದು ತಳ್ಳಿಹಾಕದಿರುವುದು ಪ್ರತಿಯೊಂದು ಮನೆಯ ಕರ್ತವ್ಯ. ಹೆರಿಗೆಯಾದ ಮೇಲೂ ಕೆಲವು ವಾರ ಈ ಎಚ್ಚರ ಬೇಕು. ಮಾಸು ತನ್ನ ಗುಟ್ಟನ್ನು ಬಿಟ್ಟುಕೊಟ್ಟಿದೆ. ಅದನ್ನು ಸಕಾಲದಲ್ಲಿ ಕೇಳಿಸಿಕೊಳ್ಳುವ ಕಿವಿ ಇದ್ದರೆ ತಾಯಿಯೂ ಉಳಿಯುತ್ತಾಳೆ, ತೊಟ್ಟಿಲೂ ತುಂಬುತ್ತದೆ.