ವರದಿಯಲ್ಲಿ ‘ಬದಲಾವಣೆ’ ಕಂಡರೆ ಕ್ಯಾನ್ಸರ್ ಎಂದೇ ಅರ್ಥವೇ?

‘ನಮ್ಮ ಅವ್ವಗ ಕ್ಯಾನ್ಸರ್ ಇತ್ತು. ಈಗ ನನ್ನ ರಿಪೋರ್ಟಿನ್ಯಾಗೂ ಏನೋ ಬಂದೈತಿ. ನನಗೂ ಅದ ಬರ್ತೈತೇನ್ರಿ?’ ಗರ್ಭಕೊರಳಿನ ಪ್ಯಾಪ್ ಪರೀಕ್ಷೆ ಮಾಡಿಸಿಕೊಂಡ ಅನೇಕ ತಾಯಂದಿರು ಹೀಗೆ ಕೇಳುತ್ತಾರೆ. ಅಂಜಿಕೆ ಸಹಜ. ಆದರೆ ವಂಶದ ಮಾತು ಬೇರೆ, ವರದಿಯ ಮಾತು ಬೇರೆ. ಎರಡನ್ನೂ ಬಿಡಿಸಿ ತಿಳಿಯೋಣ.

ತಾಯಿಯ ಕ್ಯಾನ್ಸರ್ ಮಗಳಿಗೆ ಬರುತ್ತದೆಯೇ?

ಎಲ್ಲ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 5ರಿಂದ 10 ಮಾತ್ರ ಹುಟ್ಟಿನಿಂದ ಬಂದ ವಂಶವಾಹಿಯ ದೋಷದಿಂದ ಆಗುತ್ತವೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ಮುಖ್ಯ ಕಾರಣ ಎಚ್‌ಪಿವಿ ಎಂಬ ವೈರಾಣು. ಇದು ಲೈಂಗಿಕ ಸಂಪರ್ಕದಿಂದ ಹರಡುವ ಅತಿ ಸಾಮಾನ್ಯ ಸೋಂಕು. ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ತಾನೇ ಹೋಗುತ್ತದೆ. ಸೋಂಕು ತಗುಲಿತೆಂದು ಯಾರ ನಡತೆಯನ್ನೂ ಶಂಕಿಸಬಾರದು.

ಆದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ವಂಶವಾಗಿ ಬರುತ್ತದೆ. ಇದಕ್ಕೆ ಹೆಚ್ಚಾಗಿ ಬಿಆರ್‌ಸಿಎ-1, ಬಿಆರ್‌ಸಿಎ-2 ಎಂಬ ವಂಶವಾಹಿಗಳ ದೋಷ ಕಾರಣ. ಈ ದೋಷ ತಾಯಿಯಿಂದಷ್ಟೇ ಅಲ್ಲ, ತಂದೆಯಿಂದಲೂ ಬರಬಹುದು. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ಬಂದವರೆಲ್ಲರಿಗೂ ಕ್ಯಾನ್ಸರ್ ಆಗುವುದಿಲ್ಲ; ಆದರೆ ಅಪಾಯ ಹೆಚ್ಚು.

ವೈದ್ಯರಿಗೆ ತಪ್ಪದೇ ತಿಳಿಸಿ:
• ಹತ್ತಿರದ ಬಂಧುವಿಗೆ 50 ವರ್ಷದೊಳಗೆ ಸ್ತನ ಕ್ಯಾನ್ಸರ್ ಆಗಿದ್ದರೆ
• ತಾಯಿಯ ಕಡೆ ಅಥವಾ ತಂದೆಯ ಕಡೆ, ಒಂದೇ ಕಡೆಯ ಇಬ್ಬರು ಮೂವರಿಗೆ ಆಗಿದ್ದರೆ
• ಯಾರಿಗಾದರೂ ಅಂಡಾಶಯದ ಕ್ಯಾನ್ಸರ್, ಅಥವಾ ಗಂಡಸರಿಗೆ ಸ್ತನ ಕ್ಯಾನ್ಸರ್ ಆಗಿದ್ದರೆ

ಮಗಳ ಮದುವೆಗೆ ತೊಡಕಾದೀತೆಂದು ಕೆಲವರು ಇದನ್ನು ಮುಚ್ಚಿಡುತ್ತಾರೆ. ಹಾಗೆ ಮಾಡಿದರೆ ಆ ಮಗಳಿಗೇ ಸಕಾಲದ ತಪಾಸಣೆ ತಪ್ಪುತ್ತದೆ. ರಕ್ತಪರೀಕ್ಷೆ ಬೇಕಾದಲ್ಲಿ, ಸಾಧ್ಯವಿದ್ದರೆ ಕ್ಯಾನ್ಸರ್ ಆದವರಿಗೇ ಮೊದಲು ಮಾಡಿಸುವುದು ಒಳ್ಳೆಯದು.

ವರದಿ ಏನು ಹೇಳುತ್ತದೆ?

ಪ್ಯಾಪ್ ಪರೀಕ್ಷೆ ರೋಗವನ್ನು ನಿರ್ಧರಿಸುವುದಿಲ್ಲ. ಇನ್ನೂ ನೋಡಬೇಕಾದವರು ಯಾರು ಎಂದು ತೋರಿಸುತ್ತದೆ. ಸೋಂಕು, ಉರಿಯೂತ ಇದ್ದರೂ ಜೀವಕೋಶಗಳು ಬದಲಾಗಿ ಕಾಣಬಹುದು. ‘ಎಲ್‌ಎಸ್‌ಐಎಲ್’ ಎಂದರೆ ಸೌಮ್ಯ ಬದಲಾವಣೆ. ಬಹಳಷ್ಟು ತಾನೇ ಸರಿಹೋಗುತ್ತದೆ. ‘ಎಚ್‌ಎಸ್‌ಐಎಲ್’ ಎಂದರೆ ಹೆಚ್ಚಿನ ಬದಲಾವಣೆ. ತಡಮಾಡದೆ ಮುಂದಿನ ಪರೀಕ್ಷೆಯಾಗಬೇಕು. ಕಾಲ್ಪೋಸ್ಕೋಪ್ ಎಂಬ ಉಪಕರಣದಿಂದ ಗರ್ಭಕೊರಳನ್ನು ದೊಡ್ಡದಾಗಿ ಕಾಣುವಂತೆ ನೋಡಿ, ಬೇಕಾದರೆ ಚಿಕ್ಕ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವುದು ಬಯಾಪ್ಸಿ.

ಇಂಥ ಬದಲಾವಣೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10 ವರ್ಷ ಅಥವಾ ಇನ್ನೂ ಹೆಚ್ಚು ಬೇಕು. ಅಷ್ಟರೊಳಗೆ ಆ ಭಾಗವನ್ನಷ್ಟೇ ತೆಗೆದು ಅಥವಾ ಸುಟ್ಟು ಗುಣಪಡಿಸಬಹುದು. ಬರೀ ಅಂಜಿಕೆಯಿಂದ ಗರ್ಭಚೀಲ ತೆಗೆಸಲು ಮುಂದಾಗಬೇಡಿ. ಹಾಗೆಯೇ, ಅಂಜಿ ಮನೆಯಲ್ಲಿ ಕೂರಲೂಬೇಡಿ. ನಿಜವಾದ ಅಪಾಯವಿರುವುದು ವರದಿ ಕೈಗೆ ಬಂದ ಮೇಲೂ ತಿರುಗಿ ಬಾರದಿರುವುದರಲ್ಲಿ.

ನೆನಪಿಡಿ

• ಮುಟ್ಟು ನಿಂತ ಮೇಲೆ ಅಥವಾ ಸಂಪರ್ಕದ ನಂತರ ರಕ್ತ ಕಂಡರೆ, ದುರ್ವಾಸನೆಯ ಬಿಳಿಸೆರಗು ಇದ್ದರೆ, ಹಿಂದಿನ ವರದಿ ಸರಿ ಇದ್ದರೂ ತೋರಿಸಿಕೊಳ್ಳಿ.
• ಎದೆಯಲ್ಲಿ ಗಂಟು ತಗುಲಿದರೆ, ನೋವಿಲ್ಲವೆಂದು ಬಿಡಬೇಡಿ.
• 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿ.
• ಮುಂದಿನ ಭೇಟಿಗೆ ಹಳೆಯ ವರದಿಗಳನ್ನೆಲ್ಲ ತನ್ನಿ. ಮನೆಯವರೊಬ್ಬರು ಜೊತೆಗೆ ಬನ್ನಿ.