ಯಂತ್ರದ ನಾಡಿ

ಬಲ್ಲ ವೈದ್ಯನು ರೋಗಿಯ ಮುಖವನ್ನು ಕಂಡೊಡನೆ ಔಷಧವನ್ನು ಹೇಳುವುದಿಲ್ಲ. ನಾಡಿಯನ್ನು ಹಿಡಿದು, ಉಸಿರಾಟವನ್ನು ಆಲಿಸಿ, ನಾಲಗೆಯ ಬಣ್ಣವನ್ನು ನೋಡಿ, ಆಮೇಲೆ ರೋಗವೇನೆಂಬುದನ್ನು ನಿರ್ಣಯಿಸುತ್ತಾನೆ. ಯಂತ್ರಗಳ ವಿಷಯದಲ್ಲಿಯೂ ಇದೇ ಕ್ರಮವು ಸಲ್ಲುತ್ತದೆ. ನಮ್ಮ ದೇಶದ ರಸ್ತೆಗಳಲ್ಲಿ ಬಹುಕಾಲ ಮೆರೆದ ಅಂಬಾಸಡರ್ ಕಾರನ್ನು ನಿದರ್ಶನವಾಗಿ ಇಟ್ಟುಕೊಂಡು ಆ ಕ್ರಮವನ್ನು ಇಲ್ಲಿ ಪರಿಶೀಲಿಸೋಣ.

ಅಂಬಾಸಡರ್ ಹೆಸರಿನಿಂದ ಭಾರತೀಯವಾದರೂ ಹುಟ್ಟಿನಿಂದ ಇಂಗ್ಲೆಂಡಿನದು. ಅಲ್ಲಿಯ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರೇ ಇದರ ಮೂಲ. ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು 1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಇದನ್ನು ತಯಾರಿಸತೊಡಗಿತು. 2014ರಲ್ಲಿ ತಯಾರಿಕೆ ನಿಂತಿತು. 1489 ಘನ ಸೆಂಟಿಮೀಟರ್ ಅಳತೆಯ, ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನು ಬಹುಕಾಲ ಇದರ ಹೃದಯವಾಗಿತ್ತು. ಆ ಎಂಜಿನಿನಲ್ಲಿ ಕೈಗೆ ಎಟುಕದ ಭಾಗ ಕಡಿಮೆ. ಆದುದರಿಂದಲೇ ಅದು ಕಲಿಯುವವನಿಗೆ ಒಳ್ಳೆಯ ಪಾಠಶಾಲೆ.

ಮಳೆಗಾಲದ ಒಂದು ಮುಂಜಾನೆಯನ್ನು ಕಲ್ಪಿಸಿಕೊಳ್ಳಿ. ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ದಾರಿಯ ಎಕ್ಕಂಬಿಯಲ್ಲಿ ಒಂದು ಮನೆಯವರು ರೋಗಿಯೊಬ್ಬರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗಿದೆ. ಅಂಗಳದಲ್ಲಿ ನಿಂತ ಹಳೆಯ ಕಾರು ಚಾಲೂ ಆಗುವುದಿಲ್ಲ. ‘ಎಂಜಿನು ಸವೆದು ಹೋಯಿತು, ಬಿಚ್ಚಲೇಬೇಕು’ ಎಂದು ಒಬ್ಬರು ಹೇಳುತ್ತಾರೆ. ‘ಬ್ಯಾಟರಿಯದೇ ದೋಷ’ ಎಂದು ಇನ್ನೊಬ್ಬರು ಹೇಳುತ್ತಾರೆ. ಇವರಲ್ಲಿ ಯಾರ ಮಾತು ನಿಜ? ಪರೀಕ್ಷಿಸದೆ ಹೇಳುವುದು ಸಾಧ್ಯವಿಲ್ಲ.

ಪೆಟ್ರೋಲ್ ಎಂಜಿನು ನಡೆಯಬೇಕಾದರೆ ಮೂರು ಅನುಕೂಲಗಳು ಕೂಡಿಬರಬೇಕು. ಗಾಳಿ ಮತ್ತು ಪೆಟ್ರೋಲು ಹದವಾಗಿ ಬೆರೆತಿರಬೇಕು. ಆ ಮಿಶ್ರಣವನ್ನು ಪಿಸ್ಟನ್ನು ಬಲವಾಗಿ ಒತ್ತಬೇಕು. ಒತ್ತಿದ ಮಿಶ್ರಣಕ್ಕೆ ತಕ್ಕ ಕ್ಷಣದಲ್ಲಿ ಕಿಡಿ ತಗಲಬೇಕು. ಇವುಗಳಲ್ಲಿ ಪೆಟ್ರೋಲು ಬರುತ್ತಿದೆಯೇ ಎಂಬುದನ್ನು ತಿಳಿಯುವುದು ಸುಲಭ. ಜನರು ಎಡವುವುದು ಹೆಚ್ಚಾಗಿ ಉಳಿದೆರಡರಲ್ಲಿ. ಕಿಡಿಯ ದೋಷವನ್ನು ಸವೆತವೆಂದೂ, ಸವೆತವನ್ನು ಕಿಡಿಯ ದೋಷವೆಂದೂ ಭ್ರಮಿಸುತ್ತಾರೆ.

ಕಿಡಿ ಹುಟ್ಟುವ ಬಗೆಯನ್ನು ಮೊದಲು ನೋಡೋಣ. ಬ್ಯಾಟರಿಯ 12 ವೋಲ್ಟ್ ವಿದ್ಯುತ್ತು ಕಾಯಿಲಿನ ಒಂದು ಸುತ್ತಿನಲ್ಲಿ ಹರಿದು ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಡಿಸ್ಟ್ರಿಬ್ಯೂಟರಿನೊಳಗೆ ಎರಡು ಲೋಹದ ತುದಿಗಳಿವೆ, ಇವನ್ನು ಪಾಯಿಂಟುಗಳೆನ್ನುವರು. ಅವು ಬೇರ್ಪಟ್ಟೊಡನೆ ಪ್ರವಾಹವು ಕಡಿದು, ಕಾಂತಕ್ಷೇತ್ರವು ಕುಸಿದು, ಕಾಯಿಲಿನ ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟಿನ ಒತ್ತಡ ಹುಟ್ಟುತ್ತದೆ. ಅದು ಒಂದು, ಮೂರು, ನಾಲ್ಕು, ಎರಡು ಎಂಬ ಅನುಕ್ರಮದಲ್ಲಿ ಸಿಲಿಂಡರುಗಳ ಪ್ಲಗ್ಗುಗಳನ್ನು ಸೇರಿ ಕಿಡಿಯಾಗುತ್ತದೆ. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪಾಯಿಂಟುಗಳು ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಅವುಗಳ ನಡುವಣ ತೆರಪಾದರೋ ಸುಮಾರು 0.4 ಮಿಲಿಮೀಟರು ಮಾತ್ರ! ಇಷ್ಟು ಸೂಕ್ಷ್ಮವಾದ ಏರ್ಪಾಟು ಕೆಡುವುದರಲ್ಲಿ ಆಶ್ಚರ್ಯವೇನು?

ಮಲೆನಾಡಿನಲ್ಲಿ ಇದರ ಮೊದಲ ಶತ್ರು ತೇವ. ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ನೀರಿನ ಪಸೆ ಕಟ್ಟಿದರೆ ವಿದ್ಯುತ್ತು ಪ್ಲಗ್ಗಿಗೆ ಹೋಗದೆ ಪಸೆಯ ದಾರಿ ಹಿಡಿಯುತ್ತದೆ. ಒಣಬಟ್ಟೆಯಿಂದ ಒರೆಸುವುದೇ ಆಗ ಚಿಕಿತ್ಸೆ. ಪಾಯಿಂಟುಗಳು ಬೇಗಬೇಗನೆ ಸುಟ್ಟು ಕರಕಾಗುತ್ತಿದ್ದರೆ ಕಂಡೆನ್ಸರನ್ನು ಸಂಶಯಿಸಬೇಕು. ತಣ್ಣಗಿರುವಾಗ ಚೆನ್ನಾಗಿ ಓಡಿ, ಘಟ್ಟವನ್ನು ಏರಿ ಕಾದ ಮೇಲೆ ನಿಂತು, ಆರಿದ ಬಳಿಕ ಮತ್ತೆ ಚಾಲೂ ಆಗುವ ಎಂಜಿನಿನಲ್ಲಿ ಕಾಯಿಲನ್ನೂ ಪರೀಕ್ಷಿಸಬೇಕು.

ಇನ್ನು ಸವೆತದ ಲಕ್ಷಣಗಳು. ಮೊದಲನೆಯದು ಹೊಗೆ. ಕಪ್ಪು ಹೊಗೆ ಪೆಟ್ರೋಲು ಹೆಚ್ಚಾಗಿದೆ ಎನ್ನುತ್ತದೆ, ಅದು ಸವೆತವಲ್ಲ. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಗುರುತು. ವೇಗ ಹೆಚ್ಚಿಸುವಾಗ ನೀಲಿ ಹೊಗೆ ಬಂದರೆ ಪಿಸ್ಟನ್ನಿನ ಬಳೆಗಳೂ ಸಿಲಿಂಡರಿನ ಗೋಡೆಯೂ ಸವೆದಿರಬಹುದು. ಇಳಿಜಾರಿನಲ್ಲಿ ಇಳಿದು ಮತ್ತೆ ವೇಗ ಕೊಟ್ಟಾಗ ಒಮ್ಮೆಗೆ ಬಂದರೆ ವಾಲ್ವುಗಳ ಬದಿಯಿಂದ ಎಣ್ಣೆ ಇಳಿದಿರಬಹುದು. ಕಾದ ಎಂಜಿನಿನಲ್ಲಿ ಎಣ್ಣೆಯ ಒತ್ತಡ ಬಹಳ ಇಳಿದು, ಆಳದಿಂದ ಬಡಿತದ ಸದ್ದು ಕೇಳಿಸಿದರೆ ಬೇರಿಂಗುಗಳ ಕಡೆಗೆ ಗಮನ ಕೊಡಬೇಕು.

ಆದರೆ ಲಕ್ಷಣವು ಸಾಕ್ಷಿಯೇ ಹೊರತು ತೀರ್ಪಲ್ಲ. ತೀರ್ಪಿಗೆ ಅಳತೆ ಬೇಕು. ಎಂಜಿನನ್ನು ಬಿಸಿಮಾಡಿ, ಕಿಡಿಯ ಪ್ರವಾಹವನ್ನು ತಪ್ಪಿಸಿ, ಎಲ್ಲ ಪ್ಲಗ್ಗುಗಳನ್ನೂ ಬಿಚ್ಚಿ, ಆಕ್ಸಲರೇಟರನ್ನು ಪೂರ್ತಿಯಾಗಿ ಒತ್ತಿ ಹಿಡಿದು, ಒಂದೊಂದೇ ಸಿಲಿಂಡರಿನ ಒತ್ತಡವನ್ನು ಮಾಪಕದಿಂದ ಅಳೆಯುತ್ತಾರೆ. ಮೂರು ಸಿಲಿಂಡರುಗಳು ಸುಮಾರು 120 ಪೌಂಡು ತೋರಿಸಿ, ಒಂದು ಮಾತ್ರ 80 ತೋರಿಸಿತೆನ್ನೋಣ. ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ದೋಷ ಪಿಸ್ಟನ್ನಿನ ಬಳೆಗಳಲ್ಲಿ; ಏಕೆಂದರೆ ಎಣ್ಣೆಯು ಅಲ್ಲಿಯ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಏರದಿದ್ದರೆ ದೋಷ ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಇರುವುದು ಸಂಭವನೀಯ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕುಗ್ಗಿದ್ದರೆ ಅವುಗಳ ನಡುವಣ ಗ್ಯಾಸ್ಕೆಟ್ಟು ಒಡೆದಿರಬಹುದು. ಒಂದು ಚಮಚ ಎಣ್ಣೆ ಎಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಕೊಡುತ್ತದೆ, ನೋಡಿ!

ಇಲ್ಲಿ ಒಂದು ತೊಡಕೂ ಉಂಟು. ಸವೆದ ಸಿಲಿಂಡರಿನಲ್ಲಿ ಎಣ್ಣೆ ಮೇಲೇರಿ ಪ್ಲಗ್ಗನ್ನು ತೋಯಿಸುತ್ತದೆ. ಆಗ ಕಿಡಿ ನಿಲ್ಲುತ್ತದೆ. ಹೊಸ ಪ್ಲಗ್ಗು ಹಾಕಿದರೆ ಎಂಜಿನು ಕೆಲವು ದಿನ ಓಡಿ ಮತ್ತೆ ನಿಲ್ಲುತ್ತದೆ. ಇದಕ್ಕೆ ವಿಪರೀತವಾಗಿ, ಕಿಡಿಯಿಲ್ಲದ ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲು ಗೋಡೆಯ ಎಣ್ಣೆಯ ಪೊರೆಯನ್ನು ತೊಳೆದು ಸವೆತವನ್ನು ಹೆಚ್ಚಿಸುತ್ತದೆ. ಹೀಗೆ ಒಂದು ದೋಷವು ಇನ್ನೊಂದಕ್ಕೆ ತಾಯಿಯಾಗುತ್ತದೆ. ಆದುದರಿಂದ ಬಿಚ್ಚಿದ ಪ್ಲಗ್ಗನ್ನು ಎಸೆಯದೆ ಅದರ ಬಣ್ಣವನ್ನು ಓದಬೇಕು. ತಿಳಿಕಂದು ಆರೋಗ್ಯದ ಬಣ್ಣ. ಒಣಗಿದ ಮಸಿ ಹೆಚ್ಚಿದ ಪೆಟ್ರೋಲಿನ ಗುರುತು. ಜಿಡ್ಡಾದ ಕಪ್ಪು ಎಣ್ಣೆಯ ಗುರುತು. ಬೆಳ್ಳಗೆ ಸುಟ್ಟ ತುದಿ ಅತಿಯಾದ ಕಾವಿನ ಗುರುತು.

ಈ ವಿಚಾರಣೆಯಲ್ಲಿ ಸರಳವಾದುದು ಮೊದಲು, ಕಠಿಣವಾದುದು ಕೊನೆಗೆ ಎಂಬ ಕ್ರಮವನ್ನು ಮೀರಬಾರದು. ಒರೆಸಿದ ಮುಚ್ಚಳವನ್ನು ಮತ್ತೆ ಹಾಕಬಹುದು, ಬಿಚ್ಚಿದ ಪ್ಲಗ್ಗನ್ನು ಮತ್ತೆ ಕೂರಿಸಬಹುದು. ಆದರೆ ಸಿಲಿಂಡರನ್ನು ಒಮ್ಮೆ ಕೊರೆದು ಅಗಲಿಸಿದರೆ ತೆಗೆದ ಲೋಹ ಮರಳಿ ಬಾರದು. ಹಾಗೆ ಕೊರೆಯುವುದಕ್ಕೂ ಒಂದು ಮಿತಿಯುಂಟು. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆ ಇಲ್ಲಿ ಹಣದ ನಷ್ಟವಾಗಿ ಸತ್ಯವಾಗುತ್ತದೆ. ಆಸ್ಪತ್ರೆಯ ದಾರಿಯಲ್ಲಿರುವವರಿಗೆ ಅದಕ್ಕಿಂತಲೂ ದೊಡ್ಡ ನಷ್ಟವಾಗಿ ಪರಿಣಮಿಸಬಹುದು.

ಇಂದಿನ ಕಾರುಗಳು ತಮ್ಮ ಅನೇಕ ದೋಷಗಳನ್ನು ತಾವೇ ಸಂಕೇತಗಳ ಮೂಲಕ ಸೂಚಿಸುತ್ತವೆ. ಆದರೆ ಸಂಕೇತವೂ ಒಂದು ಲಕ್ಷಣವೇ. ಕಾರಣವನ್ನು ಹುಡುಕುವ ಹೊಣೆ ಮನುಷ್ಯನದೇ. ನೋಡುವುದು, ಆಲಿಸುವುದು, ಅಳೆಯುವುದು, ಆಮೇಲೆ ನಿರ್ಣಯಿಸುವುದು: ಗರಾಜಿನ ನುರಿತ ಮಿಸ್ತ್ರಿಯೂ ಪ್ರಯೋಗಶಾಲೆಯ ವಿಜ್ಞಾನಿಯೂ ನಡೆಯುವ ದಾರಿ ಇದೊಂದೇ.